ಕಣ್ಣು ಮುಚ್ಚಿ ಕೂತ ಬೀಗರು

ಪ್ರಾರ್ಥನೆಯಲ್ಲಿ ನಾನು ಫೇಲಾದವಳು. ನಮ್ಮ ಕ್ರೈಸ್ತರ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯಿಂದ ಮೊದಲು ಒಂದು ಹಾಡು ಹೇಳಿಸುತ್ತಿದ್ದರು, ಆಮೇಲೆ ಪ್ರಾರ್ಥನೆ ಮಾಡಿಸುತ್ತಿದ್ದರು. ಅವಳ ಭಕ್ತಿ, ಓದು, ಸ್ವಭಾವ ಎಲ್ಲವನ್ನೂ ಆ ಪ್ರಾರ್ಥನೆಯಲ್ಲೇ ಅಳೆದು ಮುಗಿಸುತ್ತಿದ್ದರು. ನಿರ್ಣಾ ಊರಿನಿಂದ ಬಂದ ಮೊದಲ ಬೀಗರ ಎದುರು ನಾನು ‘ಪರಲೋಕದಲ್ಲಿರುವ ತಂದೆಯೇ’ ಎಂದು ಶುರು ಮಾಡಿದೆ. ಮುಂದೆ ಏನೂ ಹೊಳೆಯದೆ ಅಲ್ಲಿಗೇ ಆಮೆನ್ ಅಂದುಬಿಟ್ಟೆ. ಅವರು ಉಪ್ಪಿಟ್ಟು ತಿಂದು ಹೋದವರು ಈ ಕಡೆ ತಲೆ ಹಾಕಲಿಲ್ಲ. ‘ಹುಡುಗಿಗಿ ಪ್ರಾರ್ಥನಿ ಬರಲ್ಲ’ ಎಂಬ ಸುದ್ದಿ ಮಾತ್ರ ಊರೂರು ತಿರುಗಿತು.

ನಿಜ ಹೇಳಬೇಕೆಂದರೆ, ದೇವರ ಜೊತೆ ನನ್ನಷ್ಟು ಮಾತಾಡುವವರು ಬಸವಕಲ್ಯಾಣದಲ್ಲಿ ಇನ್ನೊಬ್ಬರಿರಲಿಲ್ಲ. ಒಲೆ ಹೊತ್ತದಿದ್ದರೆ ಅವನಿಗೆ ಹೇಳುತ್ತಿದ್ದೆ. ರೊಟ್ಟಿ ಹರಿದರೆ ಅವನ ಮೇಲೇ ಸಿಟ್ಟು. ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ, “ಯಾರ ಜೋಡಿ ಜಗಳಾಡಾಕತ್ತಿ ಬೇಟಿ?” ಎಂದು ಕೂಗಿ ಕೇಳುತ್ತಿದ್ದರು. “ದೇವ್ರ ಜೋಡಿರಿ ಖಾಲಾ” ಎಂದರೆ, “ನಂದೂ ಒಂದು ಸಲಾಂ ಹೇಳು” ಎನ್ನುತ್ತಿದ್ದರು. ಅವ್ವನಿಗೆ ಇದು ಪ್ರಾರ್ಥನೆ ಅನ್ನಿಸುತ್ತಲೇ ಇರಲಿಲ್ಲ. “ಮಂದಿ ಮುಂದ ಹಿಂಗ ಮಾತಾಡಿದ್ರ ನಿನ್ನ ಯಾರು ಮಾಡ್ಕೋತಾರ?” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳಿಗಿದ್ದದ್ದು ನನ್ನ ಮದುವೆಯ ಚಿಂತೆ ಒಂದೇ.

ಹಾಗಾಗಿ ಹುಮನಾಬಾದಿನಿಂದ ಸಂಬಂಧ ಬಂದಾಗ ಅವಳು ಪೂರ್ತಿ ತಯಾರಿಗೆ ನಿಂತಳು. ಹುಡುಗ ಶಾಲೆಯ ಮಾಸ್ತರ. ಅವನ ಅಪ್ಪ ಚರ್ಚಿನ ಸಭೆಯ ಹಿರಿಯರು. ಅವರ ಪ್ರಾರ್ಥನೆ ಆದಾಮನಿಂದ ಹೊರಟು ಹುಮನಾಬಾದು ಮುಟ್ಟುವಷ್ಟರಲ್ಲಿ ಕೂತವರ ಕಾಲು ಜೋಮು ಹಿಡಿಯುತ್ತದೆಂದು ಹೆಸರಾಗಿತ್ತು. ಅವರಿಗೆ ಒಪ್ಪುವಂಥ ಉದ್ದನೆಯ ಪ್ರಾರ್ಥನೆಯೊಂದನ್ನು ಅವ್ವ ನನಗೆ ಬಾಯಿಪಾಠ ಮಾಡಿಸಿದಳು. ಕೃಪಾಸಾಗರ, ದಯಾನಿಧಿ, ಪಾಪಿಷ್ಠಳಾದ ನಾನು, ಎಲ್ಲ ಅದರಲ್ಲಿದ್ದವು. ಹಿಟ್ಟು ನಾದುತ್ತ ಹೇಳಿದೆ, ನೀರು ಸೇದುತ್ತ ಹೇಳಿದೆ. ಆ ಗದ್ದಲದಲ್ಲಿ ದೇವರ ಜೊತೆ ಮಾತಾಡಲು ನನಗೆ ಪುರುಸೊತ್ತೇ ಸಿಗಲಿಲ್ಲ.

ಹಿರಿಯರು, ಅವರ ಹೆಂಡತಿ, ಹುಡುಗ ಬಂದು ಕೂತರು. ಆ ತಾಯಿ ತಲೆಯ ಮೇಲಿನ ಸೆರಗು ಎಳೆದುಕೊಂಡು ಮೂಲೆ ಹಿಡಿದವರು ತುಟಿ ಬಿಚ್ಚಲಿಲ್ಲ. ಚಹಾಕ್ಕೆಂದು ಹಾಲನ್ನು ಒಲೆಯ ಮೇಲಿಟ್ಟು ಬಂದು ನಾನು ಹಾಡು ಹೇಳಿದೆ. “ಇನ್ನ ಪ್ರಾರ್ಥನಿ ಮಾಡವ್ವಾ” ಎಂದರು ಹಿರಿಯರು. ಎಲ್ಲರೂ ಕಣ್ಣು ಮುಚ್ಚಿದರು.

ಕೃಪಾಸಾಗರ ಸಲೀಸಾಗಿ ದಾಟಿದೆ. ದಯಾನಿಧಿಯೂ ಆಯಿತು. ಪಾಪಿಷ್ಠಳ ಹತ್ತಿರ ಬರುವಾಗ ಒಳಗಿನಿಂದ ಹಾಲು ಏರುವ ವಾಸನೆ ಬಂತು. ಅವ್ವ ಏಳುತ್ತಾಳೆಂದು ಒಂದು ಕಣ್ಣು ತೆರೆದು ನೋಡಿದೆ. ಅವಳು ನನ್ನ ಪ್ರಾರ್ಥನೆಯನ್ನೇ ತುಟಿಯಲ್ಲಿ ಹೇಳಿಕೊಳ್ಳುತ್ತ ಮೈಮರೆತಿದ್ದಳು. ಮನೆಯಲ್ಲಿದ್ದದ್ದು ಅಷ್ಟೇ ಹಾಲು. ಬಾಯಿಪಾಠ ಎಲ್ಲಿ ಹೋಯಿತೋ ಕಾಣೆ, “ಯಪ್ಪಾ, ಹಾಲು ಉಕ್ಕಾಕತ್ತದ, ಜರಾ ತಡಿ, ಬಂದೆ” ಎಂದು ದೇವರಿಗೆ ಹೇಳಿ ಓಡಿದೆ.

ಹಾಲಿಳಿಸಿದ ಮೇಲೆ ನಾನು ಏನಂದೆ ಎಂಬುದು ತಲೆಗೆ ಹೋಯಿತು. ಮೆಲ್ಲಗೆ ಬಂದು ಇಣುಕಿದರೆ ಎಲ್ಲರೂ ಇನ್ನೂ ಕಣ್ಣು ಮುಚ್ಚಿಯೇ ಕೂತಿದ್ದಾರೆ! ಆಮೆನ್ ಆಗದೆ ಕಣ್ಣು ತೆರೆಯಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಿರಿಯರ ಹುಬ್ಬು ಗಂಟಿಕ್ಕಿತ್ತು, ಆದರೂ ರೆಪ್ಪೆ ಭದ್ರ. ಹುಡುಗ ತಲೆ ತಗ್ಗಿಸಿ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ, ಹೆಗಲು ಕುಲುಕುತ್ತಿತ್ತು. ಕೆಡುವುದು ಹೇಗೂ ಕೆಟ್ಟಿದೆ ಎಂದುಕೊಂಡು ನನ್ನ ಜಾಗದಲ್ಲಿ ಕೂತೆ.

“ಬಂದೆನಪ್ಪಾ. ಹಾಲು ಉಳೀತು. ಇವರು ಬಿಸಲಾಗ ಬಂದಾರ, ಇವರನ್ನ ಚಂದ ಇಡು. ನಮ್ಮವ್ವನ ಚಿಂತಿ ಜರಾ ಕಮ್ಮಿ ಮಾಡು. ಆಮೆನ್.”

ಕಣ್ಣುಗಳು ತೆರೆದವು. “ದೇವ್ರಿಗಿ ತಡಿ ಅಂತಾರೇನವ್ವಾ?” ಎಂದರು ಹಿರಿಯರು. ಅವ್ವನ ಕಣ್ಣಲ್ಲಿ ನೀರು ತುಂಬಿತು. ನಿರ್ಣಾ ಹೋಗಿತ್ತು, ಈಗ ಹುಮನಾಬಾದೂ ಹೋಯಿತು ಎಂದು ನಾನು ಒಳಗೆ ಬಂದು ಚಹಾ ಸೋಸುತ್ತ ಅಳತೊಡಗಿದೆ. ಅವ್ವನ ಮುಖ ನೆನೆದು ಹೆಚ್ಚು ಸಂಕಟವಾಯಿತು.

ಹಿಂದೆಯೇ ಹಿರಿಯರ ಹೆಂಡತಿ ಬಂದು ಬಾಗಿಲು ಮುಂದೆ ಮಾಡಿದರು. ಬೈಯಲಿಕ್ಕೇ ಬಂದರೆಂದು ಸೆಟೆದು ನಿಂತೆ.

“ಹಂಗ ಮಾತಾಡಿದ್ರ ಅಂವ ಕೇಳ್ತಾನೇನು?” ಎಂದರು, ಪಿಸುದನಿಯಲ್ಲಿ.

“ಕೇಳ್ತಾನ್ರಿ. ಒಮ್ಮೊಮ್ಮಿ ತಡಾ ಮಾಡ್ತಾನ.”

“ಲಗ್ನ ಆಗಿ ಬಂದಾಗಿಂದ ಇವರ ಪ್ರಾರ್ಥನಿಗಿ ಆಮೆನ್ ಅನ್ಕೋತ ಬಂದೀನಿ. ನಂದು ಅಂತ ಒಂದೂ ಕೇಳಿಲ್ಲ. ಅಷ್ಟು ದೊಡ್ಡ ಮಾತು ನನಗ ಬರಲ್ಲವ್ವ.”

“ಬಂದಷ್ಟು ಮಾತಿನಾಗ ಕೇಳ್ರಿ” ಎಂದೆ.

ಅವರು ಒಲೆಯ ಮುಂದೆಯೇ ಕಣ್ಣು ಮುಚ್ಚಿದರು. ತುಟಿಗಳು ಅಲುಗಿದವು, ಮಾತು ಹೊರಡಲಿಲ್ಲ. ಆಮೇಲೆ ಒಂದೇ ಉಸಿರಿಗೆ ಹೇಳಿದರು: “ಯಪ್ಪಾ, ಈ ಹುಡುಗಿನ್ನ ನಮ್ಮನಿಗಿ ಕಳಸು. ಮನ್ಯಾಗ ನನಗ ಮಾತಾಡಾಕ ಯಾರೂ ಇಲ್ಲ.”

ಅವರು ಕಣ್ಣೊರೆಸಿಕೊಂಡು ಚಹಾದ ತಟ್ಟೆಯನ್ನು ನನ್ನ ಕೈಯಿಂದ ಇಸಿದುಕೊಂಡು ಹೊರಗೆ ಹೋದರು. “ಹುಡುಗಿ ನನಗ ಪಸಂದ ಅದಾಳ” ಎಂದು ಗಟ್ಟಿಯಾಗಿ ಅಂದದ್ದು ಕೇಳಿಸಿತು. ಹುಡುಗನ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ಆದರೂ ಹುಮನಾಬಾದಿಗೆ ಹೋಗುವುದೆಂದು ಒಲೆಯ ಮುಂದೆಯೇ ಒಪ್ಪಿಕೊಂಡುಬಿಟ್ಟಿದ್ದೆ.