ಎಲೆಯಕ್ಕನ ಕಿಟಕಿ, ಭಾವನ ಗೋಡೆ

ನಮ್ಮಕ್ಕನನ್ನು ಸಿಗಾರ್ ಕಾರ್ಖಾನೆಯಲ್ಲಿ ಎಲ್ಲರೂ ಎಲೆಯಕ್ಕ ಎಂದೇ ಕರೆಯುತ್ತಿದ್ದರು. ಮಹಡಿಯ ಮೇಲೆ ದೊಡ್ಡ ಕಿಟಕಿಗೆ ಒರಗಿಸಿದ ಮೇಜು ಅವಳದು. ನಾನು ಅವಳ ತಮ್ಮ, ಕೆಳಗಿನ ಕೋಣೆಯಲ್ಲಿ ಸಿಗಾರ್ ತುಂಬುವ ಮರದ ಪೆಟ್ಟಿಗೆ ಮಾಡುವವನು. ಆದ್ದರಿಂದ ಇದರಲ್ಲಿ ಗಾಳಿಮಾತು ಒಂದೂ ಇಲ್ಲ.

ಸಿಗಾರಿನ ಹೊರಮೈಗೆ ಸುತ್ತುವ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುವುದು ಅಕ್ಕನ ಕೆಲಸ. ಎಲೆ ಎಂದರೆ ಎಲ್ಲವೂ ಕಂದು ಎಂದುಕೊಳ್ಳುವವರು ಅವಳ ಮೇಜಿನ ಹತ್ತಿರ ಸುಳಿಯಬಾರದು. ಬಲಿಯುವ ಮೊದಲೇ ಕಿತ್ತು ಬೇಗ ಒಣಗಿಸಿದ ಎಲೆಯಲ್ಲಿ ಹಸಿರು ಉಳಿದಿರುತ್ತದೆ. ಬಟ್ಟೆಯ ಚಪ್ಪರದ ನೆರಳಲ್ಲಿ ಬೆಳೆದದ್ದು ಒಣಹುಲ್ಲಿನ ಬಣ್ಣ. ಬಿಸಿಲು ಕುಡಿದು ಬಲಿತದ್ದು ಕೆಂಗಂದು. ಗಿಡದ ತುದಿಯಲ್ಲಿ ಕೊನೆಯವರೆಗೂ ನಿಂತು, ಆಮೇಲೆ ರಾಶಿಯೊಳಗೆ ತಿಂಗಳುಗಟ್ಟಲೆ ಬೆವರಿದ್ದು ಕಪ್ಪಿಗೆ ತಿರುಗುತ್ತದೆ. ಕಪ್ಪಗಿದ್ದರೆ ಖಾರ ಹೆಚ್ಚು ಎಂದು ಸೇದುವವರು ಮೀಸೆ ತಿರುವುತ್ತಾರೆ. ಖಾರ ಬಹುಮಟ್ಟಿಗೆ ಒಳಗೆ ತುಂಬಿದ ಎಲೆಯದು. ಕಪ್ಪು ಹೊರಎಲೆ ಎಷ್ಟೋ ಸಲ ನಾಲಿಗೆಗೆ ಸಿಹಿಯಾಗಿಯೇ ಇರುತ್ತದೆ.

"ಅಂಗಿ ನೋಡಿ ಗಂಡನ್ನ ಆರಿಸಿಕೊಂಡ ಹಾಗಾಯ್ತು," ಎನ್ನುತ್ತಿದ್ದಳು ಅಕ್ಕ. "ನಾನೂ ಹಾಗೇ ಆರಿಸಿಕೊಂಡೆ. ಈಗ ಅನುಭವಿಸ್ತಿದ್ದೀನಿ."

ಆ ಗಂಡ, ಅಂದರೆ ನಮ್ಮ ಭಾವ, ಗೋಡೆಗೆ ಬಣ್ಣ ಹೊಡೆಯುವ ಮೇಸ್ತ್ರಿ. ಬಣ್ಣ ತಿಳಿದವರು ಇಬ್ಬರು ಒಂದೇ ಮನೆಯಲ್ಲಿದ್ದರೆ ನೆರೆಹೊರೆಯವರಿಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ. ಕಿಟಕಿಯ ಪರದೆ ಕೊಳ್ಳಲು ಹೋದರೆ ಅಂಗಡಿಯವನೇ ಬೇಸತ್ತು, "ಮನೇಲಿ ತೀರ್ಮಾನ ಮಾಡ್ಕೊಂಡು ಬನ್ನಿ" ಎಂದು ಕಳಿಸುತ್ತಿದ್ದ.

"ನಿನ್ನ ಹತ್ರ ಇರೋದು ಒಂದೇ ಕಂದು ಕಣೇ. ಅದಕ್ಕೇ ಇಷ್ಟು ಹೆಸರಿಟ್ಟು ಸಂಬಳ ತಗೋತೀಯ."

"ನಿಮ್ಮ ಬಣ್ಣ ಡಬ್ಬಿಯಿಂದ ಬರುತ್ತೆ. ನನ್ನದು ಕಣ್ಣಿಂದ ಬರ್ಬೇಕು. ಸುಮ್ನೆ ಊಟ ಮಾಡಿ."

ಭಾವನಿಗೂ ಒಂದು ಕೊರಗಿತ್ತು. ಜನ ಅವನಿಗೆ ಬಿಳಿ ಹೊಡಿ, ಬೂದು ಹೊಡಿ ಎನ್ನುತ್ತಿದ್ದರೇ ಹೊರತು ಅವನ ಮನಸ್ಸಿಗೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕಾರ್ಖಾನೆಯ ಎದುರು, ಓಣಿಯಾಚೆ ಒಬ್ಬ ಟೈಲರ್ ಇದ್ದ. ಅಕ್ಕನ ಕಿಟಕಿಗೆ ಎದುರಾಗಿ ನಿಂತ ತನ್ನ ಮನೆಯ ಪಕ್ಕದ ಗೋಡೆಯನ್ನು ತೋರಿಸಿ, "ನಿಮ್ಮಿಷ್ಟದ ಬಣ್ಣ ಹಾಕಿ ಮೇಸ್ತ್ರಿ" ಎಂದುಬಿಟ್ಟ. ಭಾವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತಾನೇ ಕಲಸಿ, ತಾನೇ ತಿದ್ದಿ, ದಾರಿಯಲ್ಲಿ ಹೋಗುವವರು ತಿರುಗಿ ನೋಡುವಂಥ ಕಿತ್ತಳೆ ಬಣ್ಣ ಹೊಡೆದ. ಅಕ್ಕ ಕಿಟಕಿಯಿಂದ ನೋಡಿ ಮೂಗು ಮುರಿದು ಎಲೆಗೆ ಕೈ ಹಾಕಿದಳು.

ಅಲ್ಲಿಂದ ಶುರುವಾಯಿತು ಗ್ರಹಚಾರ. ಒಂದು ಪೆಟ್ಟಿಗೆಯೊಳಗಿನ ಸಿಗಾರುಗಳೆಲ್ಲ ಒಡಹುಟ್ಟಿದವರಂತೆ ಒಂದೇ ಬಣ್ಣ ಇರಬೇಕು. ನಾನು ಮುಚ್ಚಳ ತೆರೆದರೆ ಒಂದು ಕೆಂಗಂದು, ಪಕ್ಕದ್ದು ಹುಲ್ಲುಬಣ್ಣ, ಮತ್ತೊಂದು ಎರಡೂ ಅಲ್ಲ. ಯಾರಯಾರದೋ ಹಲ್ಲು ತಂದು ಒಂದೇ ಬಾಯಿಗೆ ಕೂರಿಸಿದಂತಿತ್ತು. ನೋಡಲಾರದೆ ಮುಚ್ಚಿಬಿಟ್ಟೆ. ಆದರೆ ಸೂಪರ್‌ವೈಸರ್ ಮುಚ್ಚುವವರಲ್ಲ. ಪೆಟ್ಟಿಗೆ ಹಿಡಿದು ನೇರ ಮಹಡಿ ಹತ್ತಿದರು.

"ಎಲೆಯಕ್ಕ, ವಯಸ್ಸಾಯ್ತು ಅಂತ ನಾನು ಹೇಳ್ತಿಲ್ಲ..."

"ಹೇಳ್ಬೇಡಿ ಮತ್ತೆ."

"ಕೆಳಗಡೆ ಎಲೆಯ ನಾರು ಬಿಡಿಸೋ ಕೋಣೇಲಿ ಒಂದು ಜಾಗ ಇದೆ. ಈ ವಾರದ ಸರಕೂ ಹೀಗೇ ಬಂದ್ರೆ ನೀವು ಅಲ್ಲಿಗೆ ಹೋಗ್ಬೇಕಾಗುತ್ತೆ."

ನಾರು ಬಿಡಿಸುವ ಕೋಣೆಗೆ ಕಿಟಕಿಯೇ ಇಲ್ಲ. ಅಲ್ಲಿ ಬಣ್ಣ ಕಾಣದಿದ್ದರೂ ಕೆಲಸ ನಡೆಯುತ್ತದೆ. ಆ ಸಂಜೆ ಅಕ್ಕ ಊಟದ ತಟ್ಟೆ ಸರಿಸಿ, "ನನ್ನ ಕಣ್ಣೇ ಕೆಟ್ಟಿರ್ಬೇಕು," ಎಂದಳು. ಭಾವನಿಗೆ ಗಾಬರಿಯಾಗಿ, ಬಣ್ಣದ ಕಂಪನಿಯ ಮಾದರಿ ಕಾರ್ಡುಗಳನ್ನು ತಂದು ಹರಡಿದ.

"ಇದು?"

"ಜೇನು ಬಣ್ಣ."

"ಇದು?"

"ಅದೇ ಜೇನು. ಸ್ವಲ್ಪ ಕೆಂಪು ಬಿದ್ದಿದೆ."

ಒಂದೂ ತಪ್ಪಲಿಲ್ಲ. ಭಾವ ಹಿಗ್ಗಿದ. "ಕಣ್ಣು ಗಟ್ಟಿಯಾಗಿದೆ ಕಣೇ!"

"ಹಾಗಾದ್ರೆ ಕೆಟ್ಟಿರೋದು ತಲೆ," ಎಂದಳು ಅಕ್ಕ. ಮೊದಲಿಗಿಂತ ಹೆಚ್ಚು ಹೆದರಿದ್ದಳು.

ಮರುದಿನ ಮಧ್ಯಾಹ್ನ ಸೂಪರ್‌ವೈಸರ್ ಅವಳ ಮೇಜಿನ ಬಳಿ ಬಂದು ನಿಂತರು. ಅಕ್ಕ ತಲೆಯೆತ್ತಿ ನೋಡಿ, "ಬಿಳಿ ಅಂಗೀನ ಕೆಂಪು ಬಟ್ಟೆ ಜೊತೆ ನೆನೆಹಾಕಿದ್ರಾ? ಹಾಳಾಯ್ತಲ್ಲ," ಎಂದಳು.

ಅವರಿಗೆ ಅವಮಾನವಾಯಿತು. "ಇವತ್ತು ಬೆಳಿಗ್ಗೆ ಮಡಿಕೆ ಬಿಚ್ಚಿದ ಹೊಸ ಅಂಗಿ ಕಣಮ್ಮ ಇದು!" ಎಂದು ಮುಖ ಊದಿಸಿಕೊಂಡು ಹೊರಟರು. ಮೆಟ್ಟಿಲ ಬಳಿ ಹೋದವರ ಬೆನ್ನು ಅಚ್ಚ ಬಿಳುಪಾಗಿತ್ತು.

"ನಿಂತ್ಕೊಳ್ಳಿ! ಇಲ್ಲಿ ಬನ್ನಿ!"

ಬಂದರು. ಅಂಗಿ ಕೆಂಪೇರಿತು.

"ಅಲ್ಲಿಗೆ ಹೋಗಿ!"

ಹೋದರು. ಬಿಳಿಯಾಯಿತು.

"ಇನ್ನೊಂದ್ಸಲ ಬನ್ನಿ!"

"ನಾನೇನು ನಿಮ್ಮ ಗಡಿಯಾರದ ಲೋಲಕವಾ?"

ಅಕ್ಕ ಆಗಲೇ ಕಿಟಕಿಯಿಂದ ಮುಕ್ಕಾಲು ಹೊರಗೆ ಬಾಗಿದ್ದಳು. ಎದುರಿಗೆ ಮಧ್ಯಾಹ್ನದ ಬಿಸಿಲಿಗೆ ಭಾವನ ಗೋಡೆ ಕೆಂಡದಂತೆ ಬೆಳಗುತ್ತಿತ್ತು. ಅದರ ಬೆಳಕೆಲ್ಲ ಓಣಿ ದಾಟಿ ನೇರ ಅವಳ ಮೇಜಿಗೆ ಸುರಿಯುತ್ತಿತ್ತು. ಗೋಡೆಗೆ ಬಿಸಿಲು ಬೀಳದ ಬೆಳಿಗ್ಗೆ ಆರಿಸಿದ ಎಲೆ ಸರಿಯಾಗಿತ್ತು. ಊಟವಾದ ಮೇಲೆ ಹುಲ್ಲುಬಣ್ಣದ ಎಲೆಗೂ ಕೆಂಪು ಮೆತ್ತಿ, ಅದು ಬೆಳಗಿನ ಕೆಂಗಂದಿನ ಜೊತೆ ಕಟ್ಟು ಸೇರುತ್ತಿತ್ತು.

ಸಂಜೆ ಮನೆಯಲ್ಲಿ ಆದದ್ದನ್ನು ಪೂರ್ತಿ ಬರೆಯಲಾಗದು.

"ಊರಲ್ಲಿ ಇಷ್ಟೊಂದು ಗೋಡೆ ಇದೆ. ನನ್ನ ಹೊಟ್ಟೆ ಮೇಲೆ ಹೊಡೆಯೋ ಗೋಡೇನೇ ಸಿಕ್ತಾ ನಿಮಗೆ?"

"ನನ್ನ ಜೀವಮಾನದಲ್ಲಿ ನಾನು ಮನಸಾರೆ ಹೊಡೆದ ಗೋಡೆ ಅದೊಂದೇ ಕಣೇ!"

"ಸರಿ. ಗೋಡೆ ಜೊತೇನೇ ಸಂಸಾರ ಮಾಡಿ. ನಾನು ಕಿಟಕಿ ಇಲ್ಲದ ಕೋಣೇಲಿ ನಾರು ಬಿಡಿಸ್ತಾ ಕೂತಿರ್ತೀನಿ."

ಭಾವ ಬೆಳಗಾಗುತ್ತಲೇ ಟೈಲರನ ಬಾಗಿಲು ತಟ್ಟಿದ. ಟೈಲರ್ ಒಪ್ಪಲೇ ಇಲ್ಲ. ಆ ಬಣ್ಣ ಬಂದ ಮೇಲೆ ಗಿರಾಕಿಗಳಿಗೆ ಅಂಗಡಿಯ ಗುರುತು ಹೇಳುವ ಕಷ್ಟವೇ ತಪ್ಪಿತ್ತು. ಕೊನೆಗೆ ಭಾವ, ಬೀದಿಯ ಕಡೆಯ ಮುಂಗೋಡೆಗೆ ಅದೇ ಕಿತ್ತಳೆ ಹೊಡೆದುಕೊಡುವುದಾಗಿ ಹೇಳಿದ ಮೇಲೆ, ಓಣಿಯ ಗೋಡೆ ಏನಾದರೂ ಮಾಡಿಕೊಳ್ಳಿ ಎಂದ.

ಭಾವ ಏಣಿ ಹತ್ತಿ ಬೂದು ಬಣ್ಣ ಹೊಡೆದ. ಅಕ್ಕ ಕಿಟಕಿಯಲ್ಲಿ ಒಂದು ಎಲೆ ಎತ್ತಿ ಹಿಡಿದಳು.

"ನೀಲಿ ಜಾಸ್ತಿಯಾಯ್ತು. ನನ್ನೆಲೆ ಹಸಿರು ಕಾಣ್ತಿದೆ."

"ಬೂದಿನಲ್ಲಿ ನೀಲಿ ಎಲ್ಲಿಂದ ಬಂತೇ?"

"ಹಾಕಿದವರಿಗೆ ಗೊತ್ತಿರ್ಬೇಕು."

ಮತ್ತೆ ಕಲಸಿದ. "ಈಗ?"

"ಹಳದಿ ಇಣುಕ್ತಿದೆ."

ಕಾರ್ಖಾನೆಯ ಕಿಟಕಿಗಳಲ್ಲೆಲ್ಲ ತಲೆಗಳು. "ಮೇಸ್ತ್ರಿ, ಎಲೆಯಕ್ಕನಿಗೆ ಇನ್ನೂ ಒಪ್ಪಿಗೆ ಇಲ್ಲ!" ಎಂದು ಎಲೆ ಸುತ್ತುವವರು ಕೂಗುತ್ತಿದ್ದರು. ಭಾವ ಯಾರ ಕಡೆಗೂ ನೋಡದೆ ಮೂರನೆಯ ಸಲ ಡಬ್ಬಿಯಲ್ಲಿ ಕೋಲಾಡಿಸಿದ.

ಮಧ್ಯಾಹ್ನದ ಬಿಸಿಲು ಗೋಡೆಗೆ ಬಿತ್ತು. ಅಕ್ಕ ಎಲೆ ಹಿಡಿದಳು, ತಿರುಗಿಸಿದಳು, ಕೂತು ಆರಿಸತೊಡಗಿದಳು. ಆ ಕಟ್ಟುಗಳನ್ನು ಸೂಪರ್‌ವೈಸರ್ ಅಂಗಳಕ್ಕೆ ಒಯ್ದು ಬಯಲಲ್ಲಿ ಬಿಚ್ಚಿ ನೋಡಿದರು. ಒಂದು ಎಲೆಯೂ ದಾರಿ ತಪ್ಪಿರಲಿಲ್ಲ. ನಾರಿನ ಕೋಣೆಯ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ಭಾವ ಇನ್ನೂ ಓಣಿಯಲ್ಲೇ ಇದ್ದ, ಮೂಗಿನ ಮೇಲೆಲ್ಲ ಬೂದು.

"ಇಂಥ ಸತ್ತ ಗೋಡೆ ನಾನು ಇದುವರೆಗೂ ಹೊಡೆದಿಲ್ಲ ಕಣೇ. ಏನೂ ಬಣ್ಣವೇ ಇಲ್ಲ ಇದರಲ್ಲಿ!"

"ಅದಕ್ಕೇ ಚೆನ್ನಾಗಿದೆ," ಎಂದಳು ಅಕ್ಕ ಮೇಲಿಂದ. "ಮೂಗು ಒರೆಸ್ಕೊಳ್ಳಿ."