ಆನೆಯ ಹಿಂಭಾಗದ ಹೆಸರು

ಈ ಬಾರಿ ದಸರೆಗೆಂದು ಗೊಂಬೆಗಳ ಟ್ರಂಕನ್ನು ತೆರೆದಾಗ, ನುಸಿಗುಳಿಗೆಯ ವಾಸನೆಯ ಜೊತೆಗೆ ಮೊದಲು ಹೊರಬಂದದ್ದು ಒಂದು ತಗಡಿನ ಆನೆ. ಬಂದದ್ದಾದರೂ ಹೇಗೆ? ಹಿಂಭಾಗವನ್ನು ಮುಂದುಮಾಡಿಕೊಂಡು. ಅದನ್ನು ಮಾಡಿದ ಎದುರುಮನೆಯಾಕೆಯ ನಡವಳಿಕೆಯೂ ಸರಿಸುಮಾರು ಹಾಗೆಯೇ ಇತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದು, ಚನ್ನಪಟ್ಟಣದ ನಮ್ಮ ಬೀದಿಯ ತುದಿಗೂ ಪಾಳಿಯ ಬಸ್ಸು ಬರತೊಡಗಿತ್ತು. ಆಕೆಯ ಗಂಡ ಅಂಥದೊಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸದಲ್ಲಿದ್ದ. ಆಕೆಯದು ಅಕ್ಕೂರಿನ ಕಡೆಯ, ರೇಷ್ಮೆಹುಳು ಸಾಕಿದ ಮನೆತನ. ಏನನ್ನೂ ಬಿಸಾಡದ ಚಾಳಿ ಆಕೆಗೆ ಅಲ್ಲಿಂದಲೇ ಬಂದಿರಬೇಕು. ಎಣ್ಣೆ ಡಬ್ಬ, ಬಿಸ್ಕತ್ತಿನ ಹೊಳೆಯುವ ಹಾಳೆ, ಮಾತ್ರೆಗಳ ಬೆಳ್ಳಿ ಕಾಗದ, ಪೆಟ್ಟಿಗೆಗೆ ಬಿಗಿಯುವ ಹಳದಿ ಪ್ಲಾಸ್ಟಿಕ್ ಪಟ್ಟಿ, ಎಲ್ಲವೂ ಆಕೆಯ ಜಗಲಿಯ ಮೇಲೆ ನವಿಲಾಗಿ, ತೋರಣವಾಗಿ, ದೀಪದ ಗೂಡಾಗಿ ಮರುಹುಟ್ಟು ಪಡೆಯುತ್ತಿದ್ದವು. ಬೀದಿಯ ತುಂಬ ಅರಗಿನ ವಾಸನೆ ಹರಡಿರುವ, ಮರದ ಗೊಂಬೆಗೆ ಹೆಸರಾದ ಊರಿನಲ್ಲಿ ಒಬ್ಬಾಕೆ ತಗಡು ಕತ್ತರಿ ಹಿಡಿದು ಕೂರುವುದು ಇಡೀ ಊರಿಗೇ ಮಾಡಿದ ಅವಮಾನವೆಂದು ನಾನು ಭಾವಿಸಿದ್ದೆ. ಮುಖಕ್ಕೆ ಹೇಳಿಯೂ ಇದ್ದೆ.

"ಮರ ಹುಡೀಕೊಂಡ್ ಹೋಗ್ಬೇಕು ಕಣಕ್ಕಾ, ತಗಡು ತಾನಾಗೇ ಮನೆಗ್ ಬತ್ತದೆ" ಎಂದು ನಕ್ಕುಬಿಟ್ಟಿದ್ದಳು.

ಅವರ ಗೃಹಪ್ರವೇಶಕ್ಕೆ ನಾನು ಒಂದು ಸ್ಟೀಲಿನ ತಟ್ಟೆಯನ್ನು ಉಡುಗೊರೆಯಾಗಿ ಕೊಟ್ಟಿದ್ದೆ. ನಮ್ಮಲ್ಲಿ ಹೆಸರು ಹಾಕಿಸದ ಪಾತ್ರೆಗೆ ಬೆಲೆಯಿಲ್ಲ. ಮದುವೆ ಮುಂಜಿಗಳಲ್ಲಿ ಹತ್ತು ಮನೆಯ ಪಾತ್ರೆಗಳು ಕಲೆತುಹೋದರೂ, ಕೊನೆಗೆ ಹೆಸರು ನೋಡಿ ಆಯಾ ಮನೆಗೆ ಸೇರಿಸುತ್ತಾರೆ. ಉಡುಗೊರೆಯಾದರೆ ಕೊಟ್ಟವರ ಹೆಸರು. ಪಾತ್ರೆ ಅಂಗಡಿಯವನು ಎಂದಿನಂತೆ ಅಂಚಿನಲ್ಲಿ ಕೊರೆಯಲು ಹೊರಟಾಗ ನಾನೇ ತಡೆದು, ನನ್ನ ಮತ್ತು ನನ್ನ ಯಜಮಾನರ ಹೆಸರನ್ನು, ಕೆಳಗೆ 'ಪ್ರೀತಿಯ ಕಾಣಿಕೆ' ಎಂಬುದನ್ನು, ತಟ್ಟೆಯ ನಟ್ಟನಡುವೆ ದಪ್ಪಕ್ಷರಗಳಲ್ಲಿ ಹಾಕಿಸಿದ್ದೆ. ನಾನು ಯಾವುದನ್ನೂ ಮರೆಯುವವಳಲ್ಲ; ಆದ್ದರಿಂದಲೇ ಮರೆಯುವ ಜನರಿಗೆ ಆಸ್ಪದ ಕೊಡುವವಳೂ ಅಲ್ಲ.

ದಸರೆಯ ಸಂಜೆಗಳಲ್ಲಿ ಗೊಂಬೆ ನೋಡಲು ಹೊರಟ ಹೆಂಗಸರು ಮಕ್ಕಳು ಮೊದಲು ನಮ್ಮ ಮನೆಗೆ ಬರುವುದು ಬೀದಿಯ ಪದ್ಧತಿ. ನನ್ನ ಅತ್ತೆಯವರ ಕಾಲದಿಂದ ಅದಕ್ಕೆ ಭಂಗ ಬಂದಿರಲಿಲ್ಲ. ಆ ವರ್ಷ ಗುಂಪು ನಮ್ಮ ಬಾಗಿಲನ್ನು ದಾಟಿ ನೇರವಾಗಿ ಎದುರುಮನೆಗೆ ನುಗ್ಗಿತು. ಕಡಲೆಕಾಳಿನ ಉಸಲಿ ನನ್ನ ಅಡುಗೆಮನೆಯಲ್ಲಿ ಆರತೊಡಗಿತು. ಹೋಗದಿದ್ದರೆ ಹೊಟ್ಟೆಕಿಚ್ಚು ಎಂದಾರು ಎಂಬ ಕಾರಣಕ್ಕೆ ನಾನೂ ಹೋದೆ.

ಬೆಂಚಿನ ಮೇಲೆ ಇಡೀ ಜಂಬೂಸವಾರಿ! ಎಣ್ಣೆ ಡಬ್ಬದ ಕುದುರೆಗಳು, ಸೋಡಾ ಮುಚ್ಚಳದ ತಮಟೆಗಳು, ನಡುವೆ ಥಳಥಳಿಸುವ ಸ್ಟೀಲಿನ ಆನೆ. ಕೊನೆಮನೆಯ ಮುದುಕಿ ಆನೆಯ ಹಿಂದೆ ಬಗ್ಗಿ, "ಇಲ್ಲೇನೋ ಬರ್ದೈತಲ್ಲಾ" ಎಂದಳು. ಓದು ಬಾರದ ಆಕೆ ಮೊಮ್ಮಗಳನ್ನು ಕರೆದು ಓದಿಸಿದಳು. ಯಜಮಾನರ ಹೆಸರು ತೊಡೆಯ ಮಡಿಕೆಯೊಳಗೆ ಮುಚ್ಚಿಹೋಗಿ ಮಾನ ಉಳಿಸಿಕೊಂಡಿತ್ತು. ಬಾಲದ ಬುಡದಲ್ಲಿ ನನ್ನ ಹೆಸರು, ಅದರ ಕೆಳಗೆ 'ಪ್ರೀತಿಯ ಕಾಣಿಕೆ'. ಮುದುಕಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಓದಿಸಿದಳು.

"ಇದು ನಾನು ಕೊಟ್ಟ ತಟ್ಟೆಯಲ್ಲವೇ?" ಎಂದೆ.

"ಊಂ ಕಣಕ್ಕಾ, ನಿಮ್ದೇಯ! ಬಂದಿದ್ ತಟ್ಟೆಗೆಲ್ಲಾ ಕತ್ತರಿ ಹಾಕ್ ನೋಡ್ದೆ, ಒಂದೂ ಜಗ್ನಿಲ್ಲ. ನಿಮ್ದು ನೋಡಿ, ಒಸಿ ತಾಕ್ಸಿದ್ದೇ ತಡ, ಹಪ್ಪಳ ಇದ್ದಂಗೆ ಬಂದ್ಬುಡ್ತು. ಇಂಥ ತೆಳ್ಳನೆ ತಗಡು ಊರೆಲ್ಲಾ ಹುಡುಕುದ್ರೂ ಸಿಕ್ನಿಲ್ಲ."

ಆಕೆ ಇದನ್ನು ಹೊಗಳಿಕೆಯೆಂದೇ ಹೇಳಿದಳು. ಕೇಳಿದವರು ಹಾಗೆ ತಿಳಿಯಲಿಲ್ಲ.

"ಹೆಸರನ್ನಾದರೂ ಅಳಿಸಬಾರದಿತ್ತೇ?"

"ಅಳ್ಸೋದಾ? ಪಾತ್ರೆ ಯಾರ್ದು ಅಂತ ಗೊತ್ತಾಗ್ಲಿ ಅಂತ ತಾನೆ ಹೆಸ್ರು ಹಾಕ್ಸೋದು? ಹೆಸ್ರು ನಿಮ್ದಾದ್ಮೇಲೆ ಪಾತ್ರೆನೂ ನಿಮ್ದೇ. ನೀವ್ ನಂಗೆ ಕೊಟ್ಟಂಗೆ ಎಲ್ಲಾಯ್ತಕ್ಕಾ?"

ನಾನು ಬಾಗಿಲ ಕಡೆಗೆ ತಿರುಗಿದೆ.

ಆ ಹೆಸರು ಹೋಗುವವರೆಗೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಎಲ್ಲರೆದುರು ಹೇಳಿ ಬಂದೆ. ಮರುದಿನ ಆಕೆ ಜಗಲಿಯಲ್ಲಿ ಕುಳಿತು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದಳು. ಆನೆಯೂ ಹೊಳೆಯಿತು, ಹೆಸರೂ ಹೊಳೆಯಿತು. ಆಮೇಲೆ ಬಿಸ್ಕತ್ತಿನ ಚಿನ್ನದ ಹಾಳೆಯಿಂದ ಒಂದು ಜೂಲು ಕತ್ತರಿಸಿ ಹಿಂಭಾಗಕ್ಕೆ ಹೊದಿಸಿದಳು. ಅಷ್ಟು ಚೆಂದದ ಜೂಲಿನ ಅಡಿಯಲ್ಲಿ ಏನೋ ಇದೆಯೆಂದು ಗೊತ್ತಾದ ಮೇಲೆ ಎತ್ತಿ ನೋಡದ ಮಗು ಬೀದಿಯಲ್ಲಿ ಉಳಿಯಲಿಲ್ಲ. ಬೈರಾಪಟ್ಟಣದಿಂದ ಬಂದ ನೆಂಟರೂ ಎತ್ತಿ ನೋಡಿದರೆಂದು ಕೇಳಿದೆ.

ನಾನು ಮಾತಿಗೆ ತಪ್ಪಲಿಲ್ಲ. ಪ್ರತಿ ದಸರೆಗೂ ಆಕೆ ಮಗಳ ಕೈಯಲ್ಲಿ ಉಸಲಿ ಕಳಿಸುತ್ತಿದ್ದಳು. ಖಾಲಿ ಪಾತ್ರೆಯನ್ನು ಹಿಂದಿರುಗಿಸಬಾರದೆಂಬ ಒಂದೇ ಕಾರಣಕ್ಕೆ ಅದರಲ್ಲಿ ಚಿಟಿಕೆ ಸಕ್ಕರೆ ಹಾಕಿ ಕಳಿಸುತ್ತಿದ್ದೆ. ಅದಕ್ಕಿಂತ ಹೆಚ್ಚಲ್ಲ. ಆಕೆಯ ಉಸಲಿಯಲ್ಲಿ ಉಪ್ಪು ಸದಾ ಮುಂದು, ಆದರೂ ನಾನು ಉಳಿಸುತ್ತಿರಲಿಲ್ಲ...

ಹೋದ ವರ್ಷ ದಸರೆ ಮುಗಿದು ಸ್ವಲ್ಪ ದಿನಕ್ಕೆ ಆಕೆ ತೀರಿಕೊಂಡಳು. ಮನೆ ಖಾಲಿ ಮಾಡುವ ದಿನ ಗುಜರಿಯವನ ಗಾಡಿ ಬಂದು ನಿಂತಿತು. ಕುದುರೆ, ನವಿಲು, ತೋರಣ, ಎಲ್ಲವನ್ನೂ ಆತ ಕಾಲಿನಿಂದ ತುಳಿದು ಚಪ್ಪಟೆ ಮಾಡಿ ಗೋಣಿಗೆ ತುಂಬುವುದನ್ನು ಕಿಟಕಿಯಿಂದ ನೋಡಿದೆ. ಅಷ್ಟರಲ್ಲಿ ಮಗಳು ಆನೆಯನ್ನು ಅವುಚಿಕೊಂಡು ಬಂದಳು.

"ದೊಡ್ಡಮ್ಮಾ, ಇದ್ ಮಾತ್ರ ಗುಜರಿಗೆ ಹಾಕ್ಬಾರ್ದಂತೆ. ಹೆಸ್ರಿರೋರ್ ಮನೆಗೆ ತಲುಪಿಸ್ಬುಡು ಅಂದಿತ್ತು ನಮ್ಮವ್ವ."

ಕೊಟ್ಟ ಉಡುಗೊರೆಯನ್ನು ಹೀಗೆ ಹಿಂದಿರುಗಿಸಿ ಹೋಗುವುದು ಸಭ್ಯತೆಯಲ್ಲ. ಅದನ್ನು ಹೇಳೋಣವೆಂದರೆ ಆಕೆಯೇ ಇರಲಿಲ್ಲ.

ಈ ದಸರೆಯ ಮೊದಲ ದಿನ ಆನೆಯನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲಿ, ಮುಖ ಮುಂದಾಗಿ, ಮರ್ಯಾದೆಯಿಂದ ಇಟ್ಟೆ. ಬಂದವರು ಚೆಂದವಿದೆ ಎಂದರು, ಉಸಲಿ ತಿಂದರು, ಹೋದರು. ಇದನ್ನು ಮಾಡಿದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಆನೆಯನ್ನು ಕೈಗೆತ್ತಿಕೊಂಡು ಸೊಂಡಿಲಿನಿಂದ ಬಾಲದವರೆಗೆ ತಿರುಗಿಸಿ ನೋಡಿದೆ. ಆಕೆಯ ಹೆಸರು ಎಲ್ಲಿಯೂ ಇಲ್ಲ.

ಜೂಲನ್ನು ತೆಗೆದು, ಆನೆಯ ಹಿಂಭಾಗವನ್ನು ಜನರ ಕಡೆಗೆ ತಿರುಗಿಸಿ ಇಟ್ಟಿದ್ದೇನೆ. ಈಗ ಬಂದವರೆಲ್ಲ ಓದುತ್ತಾರೆ, ನಗುತ್ತಾರೆ, ನಿಮಗೆ ಹೀಗೆ ಮಾಡಿದವರು ಯಾರೆಂದು ತಪ್ಪದೆ ಕೇಳುತ್ತಾರೆ. ನಾನು ಬೀಗ ಬಿದ್ದ ಎದುರುಮನೆಯ ಕಡೆ ಕೈ ತೋರಿಸಿ, ಮೊದಲಿನಿಂದ ಹೇಳಲು ಕೂರುತ್ತೇನೆ.