ನಮ್ಮ ಮಾವನ ರಿವಾಜು

ನಮ್ಮ ಮಾವನ ಮೊಣಕಾಲು ಎರಡೂ ಬೆಲ್ಲದಚ್ಚಿನ ಹಾಗೆ ಊದಿಕೊಂಡಿದ್ದವು. ಮೊಳಕಾಲ್ಮೂರಿನಲ್ಲಿ ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವವರಿಗೆ ಮಂಡಿ ಹೋಗುವುದು ಹೊಸದೇನಲ್ಲ. ಮಾವ ಮಾತ್ರ ಬೀದಿಯಲ್ಲಿ ಹೋರಿಯ ಹಾಗೆ ನಡೆದು, ಮನೆಗೆ ಬಂದು ಅಯ್ಯಯ್ಯೋ ಅಂತ ನನ್ನ ಕೈಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

ಬಾಯಿ ತೆಗೆದರೆ ರಿವಾಜು. ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣೋದು ರಿವಾಜು. ತುಪ್ಪ ಅವರ ತಟ್ಟೆಗೆ ಮಾತ್ರ ಬೀಳೋದು ರಿವಾಜು. ಹೆಂಗಸರು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಬಹುದು, ಮಗ್ಗದ ಗುಂಡಿಗೆ ಇಳಿಯೋ ಹಾಗಿಲ್ಲ, ಇದು ಎಲ್ಲಕ್ಕಿಂತ ದೊಡ್ಡ ರಿವಾಜು. ಅಜ್ಜ ಮುತ್ತಾತನ ಕಾಲದ್ದಂತೆ! ರಿವಾಜು ಅನ್ನೋ ಮಾತನ್ನೇ ಅವರು ಚಳ್ಳಕೆರೆ ಪೇಟೆಯ ಸಾಬರ ಬಾಯಿಂದ ಕಲಿತು ಬಂದದ್ದು, ನಾನು ಸೊಸೆಯಾಗಿ ಬಂದ ಮೇಲೆ. ಅವರ ಅಜ್ಜ ಅದನ್ನು ಕೇಳಿಯೂ ಇರಲಿಲ್ಲ.

ಒಂದು ಸಲ ಯಾರದೋ ಮದುವೆ ಸೀರೆ ಮಗ್ಗದ ಮೇಲೆ ಅರ್ಧ ನಿಂತಿತ್ತು. ಮಾವನಿಗೆ ಏಳೋಕಾಗಲಿಲ್ಲ. ನನ್ನ ಗಂಡನಿಗೆ ಎಣ್ಣೆ ಮಿಲ್ಲಿನ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲ.

"ಬಾಗಿಲು ಹಾಕವ್ವ. ಗುಂಡಿಗೆ ಇಳಿ," ಅಂದರು ಮಾವ.

"ರಿವಾಜು, ಮಾವಾ?"

"ಬಾಗಿಲು ಹಾಕಿದ್ರೆ ಯಾರಿಗೆ ಕಾಣ್ತೈತೆ?"

ಕಂಡಿಕೆ ಸುತ್ತುತ್ತಾ ನೋಡಿ ನೋಡಿ ಕಲಿತಿದ್ದೆ. ನೇಯ್ದೆ. ಸೀರೆಯವರು ಬಂದು ಅಂಚು ಸವರಿ, "ಏನ್ ಕೈ ರೀ ನಿಮ್ದು!" ಅಂದರು. ಮಾವ ಮೀಸೆ ತಿರುವಿ, "ಹುಟ್ಟುತ್ಲೇ ಬಂದಿದ್ದು," ಅಂದು ನನ್ನ ಕಡೆ ತಿರುಗಿದರು. "ಟೀ ಮಾಡವ್ವ."

ಥೂ! ಅವತ್ತಿನಿಂದ ಬಾಗಿಲು ಹಾಕಿಕೊಂಡು ನೇಯ್ದದ್ದೆಲ್ಲ ನಾನು, ಹೆಸರೆಲ್ಲ ಅವರದು.

ಅವರು ಸತ್ತಾಗ ಊರೇ ಅತ್ತಿತು, ಇನ್ನು ಅಂಥ ಸೀರೆ ಹುಟ್ಟಲ್ಲ ಅಂತ. ತಿಥಿ ಮುಗಿದ ಮಾರನೇ ದಿನ ಬಾಗಿಲು ತೆರೆದಿಟ್ಟು ಗುಂಡಿಗೆ ಇಳಿದೆ. ನನ್ನ ಕೈ ಓಡೋದು ನೋಡಿ ಬೀದಿಯವರು ಏನಂದರು ಗೊತ್ತಾ? "ಮಾವ ಸೊಸೆ ಮೈಮೇಲೆ ಬಂದವ್ರೆ!" ಒಬ್ಬಾಕೆ ನನ್ನ ಮುಂದೆ ತೆಂಗಿನಕಾಯಿಯನ್ನೂ ಒಡೆದಳು. ಸತ್ತ ಮೇಲೂ ಆ ಮನುಷ್ಯ ನನ್ನ ಕೈ ಬಿಡಲಿಲ್ಲ.

ಮೊನ್ನೆ ನನ್ನ ಮೊಮ್ಮಗಳು ತನ್ನ ಮದುವೆ ಸೀರೆಯನ್ನು ತಾನೇ ನೇಯ್ದು ಮುಗಿಸಿದಳು. ಖುಷಿಗೆ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ, ಕಂಡಕಂಡವರ ಬಾಯಿಗೆಲ್ಲ ಸಕ್ಕರೆ ಹಾಕುತ್ತಿದ್ದೇನೆ. ನೋಡೋಕೆ ಬಂದ ಪಕ್ಕದ ಮನೆ ಮುದುಕ ಸಕ್ಕರೆ ಚಪ್ಪರಿಸುತ್ತಾ, "ಮುತ್ತಾತನ ಕೈ ಹಂಗೇ ಬಂದೈತೆ ಕಣವ್ವ," ಅಂದ.

"ಮುತ್ತಾತಂದಲ್ಲ ತಾತ, ನಮ್ಮಜ್ಜಿದು," ಅಂದಳು ನನ್ನ ಬಂಗಾರ. "ನೋಡ್ಬೇಕಾ? ಅಜ್ಜೀ, ಇಳಿ."

ಬಾಗಿಲ ತುಂಬ ಜನ ನಿಂತಿದ್ದರು. ಇಳಿದೆ.